ದುಃಖಕ್ಕೆ ಮೂಕವಾದ ಕೊಳವೆ

ಚರ್ಚಿನ ಆರ್ಗನ್ನಿನ ಹಿಂದೆ ಒಬ್ಬರೇ ನಿಲ್ಲುವಷ್ಟು ಜಾಗ. ಅಲ್ಲಿ ನಿಂತು, ತಿದಿಯ ಹಿಡಿಯನ್ನು ಮೇಲೆ ಕೆಳಗೆ ಆಡಿಸಿ, ಕೊಳವೆಗಳಿಗೆಲ್ಲ ಗಾಳಿ ಉಣಿಸುವುದು ಅವಳ ಕೆಲಸ. ಮದುವೆಯಾಗಿ ಬಂದ ವರ್ಷ ಅತ್ತೆಯ ಸೊಂಟ ಹಿಡಿದುಕೊಂಡಿತು, ಕೆಲಸ ಸೊಸೆಯ ಕೈಗೆ ಬಂತು. ನಲವತ್ತೊಂದು ವರ್ಷವಾಯಿತು. ಎಲ್ಲರ ಬಾಯಲ್ಲೂ ಅವಳು ಗಾಳಿಯಮ್ಮ. ಹಾಡು ತೀರಾ ಉದ್ದವಾದರೆ ಕೈ ಸಡಿಲಿಸಿ ಆಮೆನ್ ಬೇಗ ತರಿಸುವುದೂ ಅವಳಿಗೆ ಗೊತ್ತು.

ಚರ್ಚಿನ ಇತಿಹಾಸ ಹೇಳುವ ಸಣ್ಣ ಪುಸ್ತಕದಲ್ಲಿ ಆರ್ಗನ್ನಿಗೆ ಎರಡು ಪುಟ. ಹದಿನೇಳು ಪೆಟ್ಟಿಗೆಗಳಲ್ಲಿ ಅದು ಹಡಗೇರಿ ಬಂದದ್ದು, ಇಲಿಗಳು ತಿದಿಯ ತೊಗಲು ತಿಂದದ್ದು, ಕೊನೆಗೆ ಹಿರಿಯ ಪಾದ್ರಿಗಳು ತೀರಿಕೊಂಡ ವಾರವೇ ಎಲ್ಲಕ್ಕೂ ದೊಡ್ಡ ಕೊಳವೆ ದುಃಖಕ್ಕೆ ಮೂಕವಾದದ್ದು. ಪರ ಊರಿನವರು ಬಂದು ಅದನ್ನು ಮುಟ್ಟಿ ಕಣ್ಣೊರೆಸಿಕೊಳ್ಳುತ್ತಾರೆ.

ಗಾಳಿಯಮ್ಮನಿಗೆ ಬೇರೆ ಇತಿಹಾಸ ಗೊತ್ತಿತ್ತು. ಆ ವಾರ ಅವಳ ಕೂಸಿಗೆ ಮೂರು ತಿಂಗಳು. ತಿದಿಯ ಪಕ್ಕ ಬುಟ್ಟಿಯಲ್ಲಿ ಮಲಗಿಸಿದರೆ, ದೊಡ್ಡ ಕೊಳವೆ ಗುಡುಗಿದಾಗಲೆಲ್ಲ ಕಿರುಚಿಕೊಂಡು ಏಳುತ್ತಿತ್ತು. ಅವಳು ಏಣಿ ಹತ್ತಿ, ಗಂಡನ ಉಣ್ಣೆಯ ಕೋಟನ್ನು ಕೊಳವೆಯೊಳಗೆ ತುರುಕಿ ಕೋಲಿನಿಂದ ದೂಡಿದಳು. ಕೂಸು ನಿದ್ದೆ ಹೋಯಿತು. ಕೋಟು ತೆಗೆಯಬೇಕು ಅನ್ನುವಷ್ಟರಲ್ಲಿ ಜನ ಕತೆ ಕಟ್ಟಿ, ಅತ್ತೂ ಆಗಿತ್ತು. ಗಂಡನಿಗೆ ಕೋಟು ಕಳುವಾಯಿತೆಂದಳು.

ಈಗ ಆ ಕೂಸೇ ಆರ್ಗನ್ ನುಡಿಸುತ್ತದೆ. ಹೊಸ ಪಾದ್ರಿಗಳು ಮೊನ್ನೆ ರಿಪೇರಿಯವನನ್ನು ಕರೆಸಿದರು. ಕೊಳವೆ ಸತ್ತಿದ್ದರೆ ಆರ್ಗನ್ ಗುಜರಿಗೆ. ಅದರ ಜಾಗಕ್ಕೆ ಕರೆಂಟಿನದು. ಅದಕ್ಕೆ ತಿದಿಯೂ ಬೇಡ, ಗಾಳಿಯಮ್ಮನೂ ಬೇಡ.

ರಿಪೇರಿಯವ ಬೆರಳಿನಿಂದ ತಟ್ಟಿ ನೋಡಿದ. "ಕೆಳಗೆ ಗಾಳಿಪೆಟ್ಟಿಗೆ ಸೀಳಿರಬೇಕು. ಕೈಬಿಡೋದೇ ವಾಸಿ."

"ಹಾಗಾದ್ರೆ ಮುಗೀತು," ಅಂದರು ಪಾದ್ರಿಗಳು.

ಆರ್ಗನ್ನಿನ ಹಿಂದೆ ಗಾಳಿಯಮ್ಮ ಗಂಟಲು ಸರಿಮಾಡಿಕೊಂಡಳು. "ಒಳಗೆ ಒಂದು ಕೋಟಿದೆ, ಸ್ವಾಮಿ."

"ಯಾರದು?"

"ನಮ್ಮನೆಯವರದು." ಮಿಕ್ಕದ್ದನ್ನೂ ಹೇಳಿದಳು.

ಮಗಳು ಬೆಂಚಿನ ಮೇಲೆಯೇ ತಿರುಗಿದಳು. "ಅಮ್ಮ, ಹದಿನೆಂಟು ವರ್ಷದಿಂದ ಎಡಗಾಲಲ್ಲಿ ಅದರ ಪೆಡಲನ್ನ ಸುಮ್ನೆ ತುಳೀತಾ ಇದ್ದೀನಿ. ಒಂದು ಮಾತು ಹೇಳಬಾರದಿತ್ತಾ?"

"ನಿನ್ನ ಆಗಿನ ಗಂಟಲು ಕೇಳಿದ್ರೆ ನೀನೇ ತುರುಕ್ತಿದ್ದೆ, ಸುಮ್ನಿರು."

"ಪುಸ್ತಕ ಈಗಷ್ಟೇ ಮೂರನೇ ಸಲ ಅಚ್ಚಾಗಿದೆ," ಪಾದ್ರಿಗಳ ದನಿ ಸಣ್ಣಗಾಗಿತ್ತು.

"ದುಃಖ ವಾಸಿಯಾಯ್ತು ಅಂತ ಒಂದು ಚೀಟಿ ಅಂಟಿಸಿ, ಸ್ವಾಮಿ."

ರಿಪೇರಿಯವ ಕೊಕ್ಕೆ ಇಳಿಸಿ ಎಳೆದ. ಮಸಿಬಟ್ಟೆಯಂಥದ್ದು ಮೇಲೆ ಬಂತು. ಗುಂಡಿಗಳು ಮಾತ್ರ ಗಟ್ಟಿಯಾಗಿದ್ದವು. ಮಗಳು ಎಡಗಾಲಿಟ್ಟಳು. ಮೊದಲು ಧೂಳು ಬಂತು, ಆಮೇಲೆ ದನಿ. ಬೆಂಚುಗಳು ನಡುಗಿದವು, ಕಿಟಕಿಯ ಗಾಜುಗಳು ಹಲ್ಲು ಕಡಿದವು. ಪಾದ್ರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. "ಗುಜರಿಯವನಿಗೆ ಬರಬೇಡ ಅಂತ ಹೇಳ್ತೀನಿ," ಅಂದರು.

ಆದರೆ ಉಳಿದ ಕೊಳವೆಗಳೆಲ್ಲ ಸೇರಿ ಕುಡಿಯುವ ಗಾಳಿಯನ್ನು ಇದೊಂದೇ ಕುಡಿಯುತ್ತಿತ್ತು. ಹಿಂದಿನಿಂದ ಏದುಸಿರು ಕೇಳಿಸಿತು. "ಸಾಕು ಕಣೇ, ಕಾಲು ಎತ್ತು."

"ಇನ್ನೊಂಚೂರು, ಅಮ್ಮ."

ಗಾಳಿಯಮ್ಮ ರವಿಕೆಯ ತೋಳು ಮಡಚಿಕೊಂಡು, ಬೈಯುತ್ತಲೇ, ತಿದಿಯ ಹಿಡಿಯ ಮೇಲೆ ಮೈಭಾರವೆಲ್ಲ ಹಾಕಿದಳು.