ಹುಳು ಕೂರದ ಮೈ

ಜಿರಳೆ ಮಾವ ಅಂತ ಕರೆದರೆ ಅವರಿಗೆ ಬೇಸರವೇನೂ ಆಗುತ್ತಿರಲಿಲ್ಲ. ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಬೆನ್ನಿಗೆ ಔಷಧಿಯ ಟ್ಯಾಂಕು ಹೊತ್ತು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೋಟೆಲಿನ ಉಗ್ರಾಣ, ಬಾಡಿಗೆ ಮನೆಗಳ ಅಟ್ಟ, ಸಿಂಕಿನ ಕೆಳಗಿನ ಕತ್ತಲೆ ಹೀಗೆ ಬೇರೆಯವರು ಬಗ್ಗಿಯೂ ನೋಡದ ಮೂಲೆಗಳಿಗೆ ಹುಳದ ಔಷಧಿ ಹೊಡೆಯುವುದು ಅವರ ಕೆಲಸ. ಮನೆಗೆ ಬಂದರೆ ಮೊದಲು ಹಿತ್ತಲ ನಲ್ಲಿಯಲ್ಲಿ ಸ್ನಾನ, ಆಮೇಲೆ ಒಳಗೆ ಪ್ರವೇಶ. ಎಷ್ಟು ತಿಕ್ಕಿದರೂ ಕೈಯ ವಾಸನೆ ಪೂರ್ತಿ ಹೋಗುತ್ತಿರಲಿಲ್ಲ. ಮಗಳು ಸಣ್ಣವಳಿದ್ದಾಗ ಅಪ್ಪನ ತೊಡೆ ಏರಿ, ಮೂಗು ಹಿಡಿದುಕೊಂಡೇ ಕಥೆ ಕೇಳುತ್ತಿದ್ದಳು.

ಅವರ ಹೆಂಡತಿ ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದರು. ಎಲ್ಲರಿಗೂ ಮೇಡಂ, ಗಂಡನಿಗೂ ಮೇಡಂ. ಊರಿನ ಅರ್ಧ ಜನಕ್ಕೆ ಕ್ಲಚ್ಚು ಬಿಡುವುದನ್ನು ಹೇಳಿಕೊಟ್ಟವರು ಅವರೇ. ಆದರೆ ಅವರ ಕಾರು ಆಟದ ಮೈದಾನ, ರೈಲ್ವೆ ಗೇಟು, ಮಾರುಕಟ್ಟೆ ಸುತ್ತಿ ಮತ್ತೆ ಶಾಲೆಯ ಮುಂದೆಯೇ ಬಂದು ನಿಲ್ಲುತ್ತಿತ್ತು. ಇಬ್ಬರೂ ಕೆಲಸ ಬಿಟ್ಟ ವರ್ಷ, ಒಂದು ಮಧ್ಯಾಹ್ನ ಊಟ ಮಾಡುತ್ತಾ ಮೇಡಂ ಅಂದರು, "ಜೀವನಪೂರ್ತಿ ಗಾಡಿ ಓಡಿಸಿದೆ ಕಣ್ರೀ, ಎಲ್ಲಿಗೂ ಹೋಗ್ಲೇ ಇಲ್ಲ."

ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹಾಗಾದ್ರೆ ಹೋಗೋಣ" ಅಂದರು.

ಹಾಗೆ ಬಂತು ಒಂದು ಹಳೇ ಕ್ಯಾರವಾನು, ಮನೆಯಂಥ ಗಾಡಿ. ಹಿಂದೆ ಒಂದು ಹಾಸಿಗೆ, ಪಕ್ಕದಲ್ಲಿ ಪುಟ್ಟ ಒಲೆ, ಒಬ್ಬರು ತಿರುಗಿದರೆ ಇನ್ನೊಬ್ಬರು ಕೂರಬೇಕು, ಅಷ್ಟೇ ಜಾಗ. ಹೊರಡುವ ದಿನ ಮಗಳು ಹುಳದ ಸ್ಪ್ರೇ ಡಬ್ಬಿ ತಂದುಕೊಟ್ಟಳು. ಮಾವ ನಕ್ಕರು. "ನನ್ನ ಕಂಡ್ರೆ ಸೊಳ್ಳೆನೂ ಪಕ್ಕದ ಬೀದಿಗೆ ಹೋಗತ್ತೆ, ಇದ್ಯಾಕೆ?" ಅದು ಬರೀ ಮಾತಲ್ಲ. ಸಂಜೆ ಜಗಲಿಯಲ್ಲಿ ಎಲ್ಲರೂ ಪಟಪಟ ಬಡಿದುಕೊಳ್ಳುತ್ತಿದ್ದರೆ ಅವರೊಬ್ಬರು ಹಾಯಾಗಿ ಕೂತಿರುತ್ತಿದ್ದರು. ನೆಂಟರಿಗೆ ಅದೊಂದು ತಮಾಷೆ. ಅವರೂ ಜೊತೆಗೆ ನಗುತ್ತಿದ್ದರು, ಆಮೇಲೆ ಯಾರಿಗೂ ಕಾಣದಂತೆ ಮುಂಗೈ ಮೂಸಿ ನೋಡಿಕೊಳ್ಳುತ್ತಿದ್ದರು.

ದಾರಿ ಮೊದಲು ಹೊಲಗಳ ನಡುವೆ ಸಾಗಿತು, ಆಮೇಲೆ ಕಾಡಿನೊಳಗೆ. ಬೆಳಗಿನ ಮಂಜಿನಲ್ಲಿ ಒಂದು ನರಿ ರಸ್ತೆ ದಾಟಿತು. ಅರ್ಧಕ್ಕೆ ನಿಂತು, ಇವರನ್ನು ಗುರುತು ಹಚ್ಚಲು ನೋಡಿದಂತೆ ಕತ್ತು ವಾರೆ ಮಾಡಿ, ಮತ್ತೆ ತನ್ನ ಪಾಡಿಗೆ ತಾನು ಹೋಯಿತು. ಮೇಡಂ ಗಾಡಿ ನಿಲ್ಲಿಸಿದವರು ಎಷ್ಟೋ ಹೊತ್ತು ಹೊರಡಲೇ ಇಲ್ಲ. ಇನ್ನೊಂದು ದಿನ ಜಿಂಕೆಗಳು ಬಂದು ಗಾಡಿಯ ಬಾಗಿಲ ಹಿಡಿಯನ್ನು ನೆಕ್ಕಿದವು. ಒಳಗೆ ಇಬ್ಬರೂ ಉಸಿರು ಬಿಗಿಹಿಡಿದು, ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ದಿನ ಯಾವುದು, ವಾರ ಯಾವುದು ಎಂಬುದು ನಿಧಾನವಾಗಿ ಕೈತಪ್ಪಿ ಹೋಯಿತು.

ಸಕ್ಕರೆ ಡಬ್ಬಿಗೆ ಇರುವೆ ಮುತ್ತಿದಾಗ ಮಾತ್ರ ಮೇಡಂ ಸಿಡುಕಿದರು. "ಊರಿಗೆಲ್ಲ ಹೊಡೆದೋರು, ನಮ್ಮ ಸಕ್ಕರೆಗೆ ಕೈ ಬರಲ್ವಾ?"

ಮಾವ ಸಾಲಿನ ಪಕ್ಕ ಮಂಡಿಯೂರಿ ಕೂತಿದ್ದರು. ಕೈಯಲ್ಲಿ ಸ್ಪ್ರೇ ಇತ್ತು. "ಇಷ್ಟು ದಿನ ಅವು ನಮ್ಮನೆಗೆ ಬರ್ತಿದ್ವು ಮೇಡಂ. ಈಗ ನಾವು ಅವುಗಳ ಮನೇಲಿ ಇದೀವಿ" ಎಂದು ಸಕ್ಕರೆ ಡಬ್ಬಿಯನ್ನು ಹೊರಗೆ ಕಲ್ಲಿನ ಮೇಲೆ ಇಟ್ಟು ಬಂದರು. ಅಂದು ಚಹಾ ಸಕ್ಕರೆಯಿಲ್ಲದೆ ಆಯಿತು. ಮೇಡಂ ಮೂಗು ಮುರಿಯುತ್ತಲೇ ಕುಡಿದರು.

ಕಾಡು ಮುಗಿದಲ್ಲಿ ಒಂದು ಕೆರೆ ಸಿಕ್ಕಿತು. ಎರಡು ದಿನ ಇದ್ದು ಹೊರಡೋಣ ಅಂದುಕೊಂಡವರು ಅಲ್ಲೇ ಉಳಿದರು. ಮಾವ ದಿನಾ ಕೆರೆಯಲ್ಲಿ ಮುಳುಗಿ, ಬಿಸಿಲಲ್ಲಿ ಒಣಗಿ, ಮತ್ತೆ ಮುಳುಗುತ್ತಿದ್ದರು. ಒಂದು ಬೆಳಗ್ಗೆ ಅವರು ಬಂಡೆಯ ಮೇಲೆ ಕೂತಿದ್ದಾಗ ಏರೋಪ್ಲೇನ್ ಚಿಟ್ಟೆಯೊಂದು ನೀರ ಮೇಲಿಂದ ತೇಲಿಬಂತು. ಕೆಂಪು ಮೈ, ಗಾಜಿನಂಥ ರೆಕ್ಕೆ. ಒಮ್ಮೆ ಹತ್ತಿರ ಬಂದು ದೂರ ಸರಿಯಿತು. ಮಾವ ಅದು ತಮಗೆ ರೂಢಿಯೇ ಎಂಬಂತೆ ಮುಖ ತಿರುಗಿಸಿದರು. ಆಮೇಲೆ ಮುಂಗೈ ಮೇಲೆ ಏನೋ ಹಗುರವಾಗಿ ಕಚಗುಳಿ ಇಟ್ಟಂತಾಯಿತು.

"ಮೇಡಂ," ಅಂದರು, ತುಟಿ ಅಲುಗದ ಹಾಗೆ. "ಸ್ವಲ್ಪ ಬನ್ನಿ. ಮೆಲ್ಲಗೆ."

ಮೇಡಂ ಒದ್ದೆ ಕೈಯಲ್ಲೇ ಬಂದರು. "ಏನ್ರೀ? ಕಚ್ತಾ?"

"ಇಲ್ಲ. ಕೂತಿದೆ."

ಅದು ಸುಮ್ಮನೆ ಕೂತಿತ್ತು, ರೆಕ್ಕೆ ಹರಡಿಕೊಂಡು. ತಮ್ಮ ಮೈಮೇಲೆ ಕೂತ ಜೀವಂತ ಹುಳವನ್ನು ಮಾವ ಬಹುಶಃ ನೋಡಿರಲಿಲ್ಲ. ಕೆಲಸದಲ್ಲಿ ಅವರು ನೋಡುತ್ತಿದ್ದದ್ದೆಲ್ಲ ಕಾಲು ಮೇಲಾಗಿ ಬಿದ್ದವುಗಳನ್ನೇ. ಈಗ ಅದರ ದೊಡ್ಡ ಕಣ್ಣುಗಳಲ್ಲಿ ಕೆರೆ, ಆಕಾಶ ಎಲ್ಲ ಇದ್ದಂತೆ ಕಂಡಿತು. ಅದು ಹಾರಿಹೋದ ಮೇಲೂ ಅವರು ಕೈ ಇಳಿಸಲಿಲ್ಲ. ಮೇಡಂ ಪಕ್ಕದಲ್ಲಿ ಕೂತು, ಆ ಕೈಯನ್ನು ಎಳೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಗಂಡನ ಕಣ್ಣಲ್ಲಿ ನೀರು ಕಂಡೂ ಕಾಣದವರಂತೆ, "ಸೊಳ್ಳೆನೂ ಕಚ್ಚೋಕೆ ಶುರು ಮಾಡಿದ್ರೆ ನನ್ನ ಹತ್ರ ಅಳಬೇಡಿ ಮತ್ತೆ" ಅಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಿಜಕ್ಕೂ ಕಚ್ಚಿದವು. ಮಾವ ಕೆರೆದುಕೊಳ್ಳುತ್ತಾ ಓಡಾಡಿದರು, ಏನೋ ಬಹುಮಾನ ಬಂದವರ ಹಾಗೆ.

ಆ ಕೆರೆಯಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಒಂದು ಸಂಜೆ, ಬಿಸಿಲಿನ್ನೂ ಇರುವಾಗಲೇ, ನೀರಿನಿಂದ ತೆಳು ರೆಕ್ಕೆಯ ಬಿಳಿ ಹುಳುಗಳು ಏಳತೊಡಗಿದವು. ನೋಡನೋಡುತ್ತ ಹೊಗೆಯಂತೆ ದಟ್ಟವಾಗಿ ಬಂದು ಗಾಡಿಯ ಗಾಜು, ಕನ್ನಡಿ, ಬಾಗಿಲು ಎಲ್ಲವನ್ನೂ ಮುಚ್ಚಿದವು. ಒಳಗೆ ಹಾಲಿನಂಥ ಬೆಳಕು ತುಂಬಿತು. ಅಷ್ಟರಲ್ಲಿ ಮಗಳ ಫೋನ್ ಬಂತು.

"ಅಪ್ಪ, ಎಲ್ಲಿದೀರಾ? ಯಾವಾಗ ಬರ್ತೀರಾ?"

"ಎಲ್ಲಿ ಅಂತ ಗೊತ್ತಿಲ್ಲ ಕಣೇ. ಗಾಜು ಪೂರ್ತಿ ಹುಳು, ಹೊರಗೆ ಏನೂ ಕಾಣ್ತಿಲ್ಲ."

"ಅಯ್ಯೋ! ವೈಪರ್ ಹಾಕೋಕೆ ಹೇಳಿ ಅಮ್ಮಂಗೆ!"

ಮಾವ ಹೆಂಡತಿಯ ಕಡೆ ನೋಡಿದರು. ಮೇಡಂ ಗಾಡಿಯ ಕೀಲಿಯನ್ನು ಸದ್ದಾಗದಂತೆ ತೆಗೆದು ಜೇಬಿಗೆ ಹಾಕಿಕೊಂಡು, ಹಾಸಿಗೆಯ ಮೇಲೆ ಕಾಲು ಚಾಚಿದರು.

"ಅಮ್ಮ ಮಲಗಿದಾಳೆ" ಅಂದರು ಮಾವ. "ನಾಳೆ ಮಾತಾಡೋಣ ಪುಟ್ಟಿ."