ಅಣ್ಣನ ಬೆನ್ನ ಮೇಲೆ ನನ್ನ ಕಾಲು

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಎಡಗಾಲಿನಿಂದ ಮೂರು ಸಲ ತುಳಿದರೆ ಬೆನ್ನಿನ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ನಿಜಾಮರ ಆಳ್ವಿಕೆಯ ಆ ಕೊನೆಯ ವರ್ಷಗಳಲ್ಲಿ ಹಿಟ್ನಾಳದ ಸುತ್ತಲಿನ ರೈತರು ಬೆಳಗಾದರೆ ನಮ್ಮ ಹೊಸ್ತಿಲಿಗೆ ಬಂದು ಬೋರಲು ಮಲಗುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ನಾನೇ ಮದ್ದು. ಹದಿನಾರರ ಹುಡುಗಿಗೆ ಸೊಕ್ಕು ಬರಲು ಅಷ್ಟು ಸಾಕಿತ್ತು.

ಒಂದು ಸುಗ್ಗಿಯಲ್ಲಿ ಅಣ್ಣ ಜೋಳದ ದಂಟು ಹೇರಿದ ಬಂಡಿಯ ಮೇಲಿನಿಂದ ಬಿದ್ದ. ಏಳಲಾಗಲಿಲ್ಲ, ಎತ್ತಿ ತಂದು ಹೊರಸಿನ ಮೇಲೆ ಮಲಗಿಸಿದರು. ಅಪ್ಪ ಅಳವಂಡಿಯಿಂದ ಎಣ್ಣೆ ಹಚ್ಚಿ ನೀವುವ ಮುದುಕಿಯನ್ನು ಕರೆಸಿದ. ಕೈಗುಣಕ್ಕೆ ಹೆಸರಾದವಳು. ಬೆನ್ನೆಲುಬಿನ ಗುಂಟ ಒಂದೇ ಬೆರಳು ಆಡಿಸುತ್ತ ಬಂದವಳು ನಡುವಿನ ಹತ್ತಿರ ನಿಲ್ಲಿಸಿದಳು. ಬೆಚ್ಚಗೆ ಮಾಡಿಟ್ಟಿದ್ದ ಎಣ್ಣೆಯನ್ನು ಮುಟ್ಟಲೇ ಇಲ್ಲ.

"ತಮ್ಮಾ, ಕಾಲು ಜೋಮು ಹಿಡದಾವೇನು?"

"ಹೂಂ ಆಯಿ, ಸ್ವಲ್ಪ."

ಮುದುಕಿ ಅಪ್ಪನ ಕಡೆ ತಿರುಗಿದಳು. "ಇದು ಉಳುಕಲ್ರಿ ಯಜಮಾನ್ರ. ನಾ ಕೈ ಹಚ್ಚಾಂಗಿಲ್ಲ, ಯಾರೂ ಹಚ್ಚಬ್ಯಾಡ್ರಿ. ಅಲುಗಾಡಿಸದಂಗ ಹೊರಸಿನ ಸಮೇತ ಕೊಪ್ಪಳದ ದವಾಖಾನಿಗೆ ಒಯ್ರಿ."

ಅವಳು ಹೋದದ್ದೇ ಅವ್ವ ಮುಖ ಕಿವುಚಿದಳು. "ವಯಸ್ಸಾತು, ಕೈಗುಣ ಹೋಗೇತಿ. ಹೇಳಾಕ ನಾಚಿಕಿ ಆಕಿಗೆ."

ನಮಗೆಲ್ಲ ಅದೇ ಸರಿಯೆನ್ನಿಸಿತು. ನೀವುವವರಲ್ಲಿ ಒಲ್ಲೆನೆಂದವಳೇ ಬಲ್ಲವಳು ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ಬಂಡಿ ಹೂಡಲು ಎದ್ದಿದ್ದ ಅಪ್ಪ ಮತ್ತೆ ಕೂತ.

"ಬಾರವ್ವ ತಂಗಿ," ಎಂದ ಅಣ್ಣ. "ನಿನ್ನ ಕಾಲು ಇರೂವಾಗ ದವಾಖಾನಿ ಯಾಕ?"

ನನಗೆ ಹೆದರಿಕೆಯಾಗಿತ್ತು. ಮುದುಕಿಯ ಬೆರಳು ನಿಂತ ಜಾಗವನ್ನು ನೋಡಿದ್ದೆ. ಆದರೆ ಒಲ್ಲೆನೆಂದರೆ ನನ್ನ ಕಾಲ್ಗುಣವೂ ಹೋಯಿತೆಂದು ಊರು ಆಡಿಕೊಳ್ಳುತ್ತಿತ್ತು. ಅಣ್ಣನನ್ನು ಎತ್ತಿ ತಂದು ಹೊಸ್ತಿಲ ಮುಂದೆ ಬೋರಲು ಹಾಕಿದರು. ಎರಡು ಸಲ ಹಗುರಾಗಿ ತುಳಿದೆ. ಮೂರನೆಯ ಸಲ ಮೈಭಾರ ಬಿಟ್ಟೆ. ಕಾಲಡಿ ಏನೋ ಲಟಕ್ಕೆಂದಿತು.

"ಉಳುಕು ಬಿಡ್ತು!" ಎಂದಳು ಅವ್ವ.

"ಹೌದವ್ವ, ಕಾಲಾಗಿನ ಜೋಮೆಲ್ಲ ಹೋತು," ಎಂದ ಅಣ್ಣ.

ಅವ್ವ ನನ್ನ ಬಾಯಿಗೆ ಬೆಲ್ಲ ಇಟ್ಟಳು. ಅದಿನ್ನೂ ಕರಗಿರಲಿಲ್ಲ, ಅಣ್ಣ ಕೇಳಿದ: "ಅವ್ವಾ, ನನ್ನ ಕಾಲು ಎಲ್ಲದಾವ? ತಿಳಿವಲ್ದಲ್ಲ."

ಅವನು ಮತ್ತೆ ನಡೆಯಲಿಲ್ಲ. ಮರುದಿನ ಕೊಪ್ಪಳದ ದವಾಖಾನೆಯಲ್ಲಿ ಡಾಕ್ಟರು ಹೊರಸಿನ ಸುತ್ತ ನಿಂತ ನಮ್ಮೆಲ್ಲರನ್ನೂ ನೋಡಿ, ಈ ಬೆನ್ನು ಯಾರು ಮುಟ್ಟಿದಿರಿ ಎಂದು ಗದರಿದರು. ಅಪ್ಪ, ಅವ್ವ ತಲೆ ತಗ್ಗಿಸಿದರು. ನಾನು ಬಾಯಿ ತೆರೆಯುವುದರೊಳಗೆ ಅಣ್ಣ ನನ್ನ ಕೈ ಹಿಡಿದುಕೊಂಡ.

"ಯಾರೂ ಮುಟ್ಟಿಲ್ರಿ ಸಾಹೇಬ್ರ," ಎಂದ. "ಬಿದ್ದಾಗನ ಹಿಂಗಾತು."