ಒಂಬತ್ತನೆಯ ಮರಿ, ಅಜ್ಜಿಯ ಕೊನೆಯ ಹಲ್ಲು

1944ರ ಬೇಸಿಗೆಯಲ್ಲಿ ಹಲಸೂರಿನ ನಮ್ಮ ಹಿತ್ತಲಲ್ಲಿ ಒಂಬತ್ತು ಕೋಳಿಮರಿಗಳು ಮೊಟ್ಟೆಯೊಡೆದು ಹೊರಬಂದವು. ಅದಾದ ಹದಿನಾರನೆಯ ದಿನ ನನ್ನ ಅಜ್ಜಿಯ ಕೊನೆಯ ಹಲ್ಲು ಬಿತ್ತು. ಎರಡನ್ನೂ ಕಣ್ಣಾರೆ ಕಂಡವಳು ನಾನು. ಎರಡನೆಯದಕ್ಕೆ ಕಾರಣವೂ ನಾನೇ.

ಆಗ ಯುದ್ಧದ ಕಾಲ. ರೇಷನ್ ಅಕ್ಕಿಗೆ ಗೋಣಿಚೀಲದ್ದೂ ಹುಳುವಿನದೂ ಸೇರಿದ ಒಂದು ವಾಸನೆಯಿತ್ತು. ಕಲ್ಲಂತೂ ಬೇಕಾದಷ್ಟು. ಸಂಜೆ ಶಾಲೆಯಿಂದ ಬಂದ ಮಕ್ಕಳು ಮೊರದ ಮುಂದೆ ಕೂತು ಕಲ್ಲು ಆರಿಸಬೇಕು. ಹೆಚ್ಚು ಆರಿಸಿದವರು ಗೆದ್ದಂತೆ. ಗೆದ್ದ ಕಲ್ಲುಗಳನ್ನು ನಾನು ಕಡ್ಡಿಪೆಟ್ಟಿಗೆಯಲ್ಲಿ ಕೂಡಿಡುತ್ತಿದ್ದೆ. ನನಗೆ ಎಂಟು ವರ್ಷ.

ಕಾವಿಗೆ ಕೂತಿದ್ದ ಕೋಳಿ ಪಕ್ಕದ ಮನೆಯ ಮೆಹಬೂಬಿ ಖಾಲಾ ಅವರದು, ಮೊಟ್ಟೆಗಳು ನಮ್ಮವು. ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ ಎಂದು ಮಾತಾಗಿತ್ತು. ಮರಿಗಳು ಒಂಬತ್ತಾದದ್ದರಿಂದ ಅಜ್ಜಿ ತೀರ್ಪು ಕೊಡಬೇಕಾಯಿತು.

"ನಾಕು ನಿಂಗೆ, ನಾಕು ನಂಗೆ. ಮಿಕ್ಕಿದ್ದು ಕಮ್ಲಿಗೆ, ನೋಡ್ಕೊಳ್ಳೋಳು ಅವಳೇ ಅಲ್ವಾ. ಆದ್ರೆ ಒಂದು ಮರಿ ಸತ್ರೂ ಮಿಕ್ಕಿದ್ದು ಅದರ ಜಾಗಕ್ಕೆ ಹೋಗುತ್ತೆ."

ಕಮ್ಲಿ ಎಂದರೆ ನಾನು. ಬೂದಿ ಬಣ್ಣದ್ದನ್ನು ಆರಿಸಿಕೊಂಡೆ. ಉಳಿದವು ಒಂದಲ್ಲ ಒಂದು ಭಾನುವಾರ ಸಾರಾಗುವಂಥವು; ನನ್ನದನ್ನು ಯಾರೂ ಕೊಯ್ಯುವಂತಿರಲಿಲ್ಲ. ಅದು ಉಳಿಯಬೇಕಾದರೆ ಒಂಬತ್ತೂ ಉಳಿಯಬೇಕಿತ್ತು. ಹಗಲು ಹತ್ತು ಸಲ ಎಣಿಸುತ್ತಿದ್ದೆ.

ಹದ್ದಿನ ಭಯಕ್ಕೆ ಮರಿಗಳನ್ನು ಹಿತ್ತಲಿನ ಚಪ್ಪಡಿಕಲ್ಲಿನ ಮೇಲೆ, ಮಂಕರಿಯಡಿ ಬಿಡುತ್ತಿದ್ದೆವು. ವಿಮಾನ ಕಾರ್ಖಾನೆ ಕಡೆಯಿಂದ ವಿಮಾನ ತಗ್ಗಿನಲ್ಲಿ ಹಾರಿ ಬಂದರೆ ತಾಯಿಕೋಳಿ ಅದನ್ನೂ ಹದ್ದೆಂದುಕೊಂಡು ರೆಕ್ಕೆ ಹರಡುತ್ತಿತ್ತು. ಮೊದಲ ವಾರ ಮರಿಗಳಿಗೆ ನೆನೆಸಿದ ನುಚ್ಚು, ರಾಗಿಹಿಟ್ಟು. ಎರಡನೆಯ ವಾರ ಖಾಲಾ ಇಡೀ ರಾಗಿ ಕಾಳು, ಸಣ್ಣಗೆ ಹೆಚ್ಚಿದ ಸೊಪ್ಪು ಹಾಕತೊಡಗಿದರು. ಜಗಳ ಶುರುವಾದದ್ದು ಅಲ್ಲಿ.

"ಕಾಳು ತಿನ್ನೋಕೆ ಶುರು ಮಾಡಿದ್ಮೇಲೆ ಕಲ್ಲೂ ಕೊಡ್ಬೇಕು ಅಮ್ಮಾ," ಎಂದರು ಖಾಲಾ.

"ಹಲ್ಲು ಬರದ ಕೂಸಿಗೆ ಯಾರಾದ್ರೂ ಕೋಡುಬಳೆ ಕೊಡ್ತಾರಾ?" ಎಂದಳು ಅಜ್ಜಿ.

"ಅರೆ, ಕೋಳಿಗೆ ಹಲ್ಲು ಯಾವತ್ತು ಬರುತ್ತೆ? ಆ ಕಲ್ಲೇ ಅದರ ಹಲ್ಲು. ಹೊಟ್ಟೆ ಒಳಗೆ ಕೂತು ಕಾಳು ಅರೀತದೆ."

"ನನ್ನ ಪಾಲಿನ ನಾಕಕ್ಕೆ ಬೇಡ. ನಾನು ಒಂದೇ ಹಲ್ಲಲ್ಲಿ ಸಂಸಾರ ಮಾಡ್ತಿಲ್ವಾ?"

ಇದು ನಿಜ. ಅಜ್ಜಿಯ ಬಾಯಲ್ಲಿ ಉಳಿದಿದ್ದದ್ದು ಅಲ್ಲಾಡುವ ಒಂದು ದವಡೆ ಹಲ್ಲು. ಎಲೆ ಅಡಿಕೆಯನ್ನು ಕಬ್ಬಿಣದ ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ಬಾಯಿಗೆ ಹಾಕುತ್ತಿದ್ದಳು. ಆದರೂ ಭಾನುವಾರ ಕೋಳಿಕಾಲು ಬೇರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲ.

ಹದಿನಾರನೆಯ ದಿನ ಅಜ್ಜಿಯ ಪಾಲಿನ ಕಪ್ಪು ಮರಿ ಮೂಲೆಯಲ್ಲಿ ಗುಮ್ಮಗೆ ಕೂತಿತು. ನುಚ್ಚು ಹಾಕಿದರೂ ಏಳಲಿಲ್ಲ. ಅದು ಸತ್ತರೆ ನನ್ನ ಬೂದಿ ಮರಿ ಅಜ್ಜಿಯ ಪಾಲಿಗೆ ಹೋಗುತ್ತದೆ. ಬೇಲಿಯಂಚಿಗೆ ಹೋಗಿ ಖಾಲಾ ಅವರನ್ನು ಗುಟ್ಟಾಗಿ ಕೇಳಿದೆ.

"ರಾಗಿ ಕಾಳಿಗಿಂತ ದಪ್ಪ ಇರ್ಬಾರ್ದು ಬೇಟಿ. ಮೊದ್ಲು ಹೊಟ್ಟೆ ತುಂಬ ತಿನ್ಸು, ಆಮೇಲೆ ಕಲ್ಲು. ಹಸಿದಾಗ ಕೊಟ್ರೆ ಅದನ್ನೇ ಊಟ ಅಂದ್ಕೊಂಡು ನುಂಗ್ತಾವೆ. ಕಾಳು ಜೊತೆ ಬೆರೆಸ್ಬೇಡ, ಬೇರೆ ಮುಚ್ಚಳದಲ್ಲಿಡು. ಒಂದೇ ಚಿಟಿಕೆ. ಬೀದಿ ಮಣ್ಣು ಮಾತ್ರ ಬೇಡ, ಎಲ್ಲ ಜಟಕಾ ಕುದುರೆ ಲದ್ದಿ."

ಕಡ್ಡಿಪೆಟ್ಟಿಗೆ ನೆನಪಾಯಿತು. ಆದರೆ ಅಕ್ಕಿಯ ಕಲ್ಲುಗಳು ರಾಗಿಗಿಂತ ದಪ್ಪ. ಅಜ್ಜಿ ಊಟ ಮಾಡಿ ಮಲಗಿದ್ದಳು. ತಲೆದಿಂಬಿನ ಪಕ್ಕ ಕುಟ್ಟಾಣಿ ಇತ್ತು.

ಹಿತ್ತಲಿಗೆ ಒಯ್ದು ಕುಟ್ಟಿದೆ. ಹೇಳಿದ ಕ್ರಮವನ್ನು ಒಂದೂ ತಪ್ಪಿಸಲಿಲ್ಲ: ಮೊದಲು ನುಚ್ಚು, ಆಮೇಲೆ ಸಿಗರೇಟ್ ಡಬ್ಬಿಯ ಮುಚ್ಚಳದಲ್ಲಿ ಒಂದು ಚಿಟಿಕೆ ಕಲ್ಲು. ಎಂಟು ಮರಿಗಳು ಮುಗಿಬಿದ್ದವು. ಕಪ್ಪು ಮರಿ ತಡವಾಗಿ ಎದ್ದು ಬಂದು ಎರಡು ಸಲ ಕುಕ್ಕಿತು. ಕುಟ್ಟಾಣಿಯನ್ನು ಲಂಗದ ಅಂಚಿನಿಂದ ಒರೆಸಿ, ಇದ್ದಲ್ಲೇ ಇಟ್ಟೆ.

ಅಜ್ಜಿ ಎದ್ದಳು. ಎಲೆ ಅಡಿಕೆ ಕುಟ್ಟಿ ಬಾಯಿಗೆ ಹಾಕಿದಳು. ನಾಲ್ಕನೆಯ ಸಲ ಅಗಿಯುವಾಗ ಕಟಕ್ ಎಂದಿತು. ಅಂಗೈಗೆ ಉಗಿದಳು. ಕೆಂಪು ರಸದ ನಡುವೆ ಎರಡು ವಸ್ತುಗಳಿದ್ದವು. ಒಂದು ಹಲ್ಲು.

"ಆ ಅಡಿಕೆ ಅಂಗಡಿ ಚೆಟ್ಟಿಯಾರ್‌ನ ಇವತ್ತು ಬಿಡಲ್ಲ," ಎನ್ನುತ್ತ ಅಜ್ಜಿ ಎರಡನ್ನೂ ಒಂದು ವೀಳ್ಯದೆಲೆಯಲ್ಲಿ ಸುತ್ತಿಕೊಂಡು ಬಾಗಿಲು ದಾಟಿದಳು. ಚೆಟ್ಟಿಯಾರ್ ನನಗೆ ಹೋದಾಗಲೆಲ್ಲ ಚೂರು ಕಲ್ಲುಸಕ್ಕರೆ ಕೊಡುತ್ತಿದ್ದವರು. ನಾನು ಬೀದಿಯಲ್ಲೇ ಅಜ್ಜಿಯ ಸೆರಗು ಹಿಡಿದು ಎಲ್ಲವನ್ನೂ ಹೇಳಿದೆ.

ಅಜ್ಜಿ ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ. ಎಲೆ ಬಿಚ್ಚಿ ಕಲ್ಲನ್ನು ಬೆರಳಲ್ಲಿ ಹೊರಳಿಸಿ ನೋಡಿದಳು.

"ಇದು ರಾಗಿಗಿಂತ ದಪ್ಪ ಇದೆಯಲ್ಲೇ. ಸರಿಯಾಗಿ ಕುಟ್ಟೋಕೂ ಬರಲ್ಲ ನಿಂಗೆ."

ಮರುದಿನ ಬೆಳಿಗ್ಗೆ ಕಪ್ಪು ಮರಿ ಉಳಿದವುಗಳ ಜೊತೆ ಓಡಾಡುತ್ತಿತ್ತು. ಕಲ್ಲಿನಿಂದಲೇ ಎಂದು ನಾನು ಪ್ರಮಾಣ ಮಾಡಲಾರೆ. ಅಂದು ಸಂಜೆಯಿಂದ ಕಲ್ಲು ಕುಟ್ಟಿ ಕೊಡುತ್ತಿದ್ದವಳು ಅಜ್ಜಿ. ಅದಕ್ಕೆಂದೇ ಖಾಲಾ ಅವರ ಮನೆಯಿಂದ ಹಳೆಯ ಹಿತ್ತಾಳೆ ಕುಟ್ಟಾಣಿ ಬಂತು.

ಒಂಬತ್ತೂ ಬೆಳೆದವು. ಪಾಲಿನ ದಿನ ಅಜ್ಜಿ ಬೂದಿ ಕೋಳಿಯ ಕಾಲು ಹಿಡಿದು ಎತ್ತಿಕೊಂಡಳು. "ಇದು ನನ್ನ ಹಲ್ಲಿನ ಬದಲಿಗೆ."

ನಾನು ಅಳತೊಡಗಿದೆ. ಖಾಲಾ ನಕ್ಕರು. "ಹಲ್ಲಿಲ್ದೆ ಕೋಳಿ ಹೆಂಗೆ ತಿಂತೀರಿ ಅಮ್ಮಾ?"

"ಮೊಟ್ಟೆ ತಿನ್ನೋಕೆ ಹಲ್ಲು ಬೇಕಾ?" ಎಂದಳು ಅಜ್ಜಿ.

ಬೂದಿ ಕೋಳಿ ಐದು ವರ್ಷ ಬದುಕಿತು. ಆ ಹಿತ್ತಲಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವಿದೆ. ಖಾಲಾ ಮನೆಗೂ ನಮ್ಮ ಮನೆಗೂ ನಡುವೆ ಬೇಲಿಯಿದ್ದ ಜಾಗದಲ್ಲಿ ಗೋಡೆಯಿದೆ. ಆಚೆ ಯಾರಿದ್ದಾರೆಂದು ಈಚೆಯವರಿಗೆ ಗೊತ್ತಿಲ್ಲ. ಅಕ್ಕಿಯಲ್ಲಿ ಕಲ್ಲು ಸಿಗುವುದಿಲ್ಲ. ಮೊರವನ್ನು ಮೊಮ್ಮಗಳು ಗೋಡೆಗೆ ನೇತುಹಾಕಿದ್ದಾಳೆ.

ಕಬ್ಬಿಣದ ಕುಟ್ಟಾಣಿ ನನ್ನ ಹತ್ತಿರ ಇದೆ. ನನಗೂ ಈಗ ಹಲ್ಲಿಲ್ಲ. ಮಧ್ಯಾಹ್ನ ಎಲೆ ಅಡಿಕೆ ಹಾಕುವ ಮುಂಚೆ ಅದನ್ನು ಬೋರಲು ಮಾಡಿ ಎರಡು ಸಲ ತಟ್ಟುತ್ತೇನೆ.